ಸ್ಟಿಯರಿಂಗ್ ಮೇಲಿನ ಬಳೆ ಸದ್ದು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಅಪ್ಪನ ಅಕ್ಕ ಗೌರತ್ತೆ, ಅವ್ವ ತೀರಿಕೊಂಡ ಹನ್ನೆರಡನೇ ದಿನ. ಇವತ್ತು ಚನ್ನಗಿರಿಯ ಗ್ಯಾರೇಜೊಂದರ ಮುಂದೆ ಗೇರ್ ಆಯಿಲ್ ವಾಸನೆ ಮೂಗಿಗೆ ಬಡಿದಾಗ ಅದು ನೆನಪಾಯಿತು.

ಜಗಳೂರಿನ ತಮ್ಮ ಗ್ಯಾರೇಜಿನಲ್ಲಿ ಅಪ್ಪ ಹಳೇ ಕಾಲದ ಕಾರುಗಳ ಸ್ಟಿಯರಿಂಗ್ ರಿಪೇರಿ ಮಾಡುತ್ತಿದ್ದರು. ಅವ್ವ ಅಲ್ಲಿಗೆ ಚಹಾ ಕೊಡಲು ಹೋಗುತ್ತಾಳೆಂದೇ ನಾನು ತಿಳಿದಿದ್ದೆ.

“ಚಾ ಒಂದು ನೆಪ ಕಣೆ,” ಎಂದರು ಅತ್ತೆ. “ನಿಮ್ಮಪ್ಪ ಗೇರಿನ ಹಲ್ಲು ಉಜ್ಜಿ, ಎಣ್ಣೆ ತುಂಬಿ, ನಿಮ್ಮವ್ವಗೆ ಸ್ಟಿಯರಿಂಗ್ ಮೆಲ್ಲಗೆ ತಿರುಗಿಸಾಕೆ ಹೇಳ್ತಿದ್ದ. ಒಳಗೆ ಒರಟು ಐತೆ ಅಂದ್ರೆ ಆಕಿ ಗಾಜಿನ ಬಳೆ ನಡುಗಿ ಸದ್ದು ಮಾಡ್ತಿದ್ವು. ಬಳೆ ಸುಮ್ಕಿದ್ರೆ ಮಾತ್ರ ಗಾಡಿ ವಾಪಸ್ ಕೊಡ್ತಿದ್ದ.”

ಗೋಡೆಗೊರಗಿದ್ದ ಅಪ್ಪ ತಲೆ ಎತ್ತಲಿಲ್ಲ. “ಗ್ಯಾರೇಜ್ ಮುಚ್ತೀನಿ ಬಿಡಕ್ಕ. ನನ್ನ ಜಡ್ಡುಗಟ್ಟಿದ ಕೈಗೆ ಏನ್ ಗೊತ್ತಾಗ್ತೈತೆ?”

ಮರುದಿನ ಬೆಳಿಗ್ಗೆ ಅಪ್ಪ ಮನೆಯಲ್ಲಿರಲಿಲ್ಲ. ಅತ್ತೆ ಮತ್ತು ನಾನು ಚಹಾ ಹಿಡಿದು ಗ್ಯಾರೇಜಿಗೆ ಹೋದೆವು. ಅಪ್ಪ ಕಾರಿನೊಳಗೆ ಕೂತು, ಡಬ್ಬಿಯಲ್ಲಿ ಉಳಿದಿದ್ದ ಅವ್ವನ ಹಸಿರು ಬಳೆಗಳನ್ನು ಮಣಿಕಟ್ಟಿಗೆ ದಾರದಿಂದ ಸಡಿಲವಾಗಿ ಕಟ್ಟಿಕೊಂಡು ಸ್ಟಿಯರಿಂಗ್ ತಿರುಗಿಸುತ್ತಿದ್ದರು. ಬಳೆಗಳು ಸದ್ದು ಮಾಡಲಿಲ್ಲ. ಗೇರು ನುಣ್ಣಗಾಗಿತ್ತು. ಆದರೂ ಅಪ್ಪ ತಿರುಗಿಸುತ್ತಲೇ ಇದ್ದರು. ಚಹಾ ಆರುವವರೆಗೂ ನಾವು ಬಾಗಿಲಲ್ಲೇ ನಿಂತಿದ್ದೆವು.