ಅಪ್ಪನ ಅಂಗಿಯ ಧೂಳು

ನಮ್ಮಮ್ಮ ಗಣಿಯೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಅದು ಛಾವಣಿ ಶೀಟಿಗೆ ಬೇಕಾದ ಕಲ್ನಾರು ತೆಗೆಯುವ ಗಣಿ. ಸಂಜೆ ಅಪ್ಪ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ಬೆಳ್ಳಗೆ ಬಂದು ನಿಂತರೆ, ಅಮ್ಮ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅಲ್ಲೇ ಅಂಗಿ ಬಿಚ್ಚಿಸಿ, ಹಿತ್ತಿಲ ಗೋಡೆಗೆ ಪಟಪಟ ಬಡಿದು ಕೊಡವಿ, ಆಮೇಲೆ ನೆನೆಹಾಕುತ್ತಿದ್ದಳು. ಅವಳ ಶುಚಿಯ ಹುಚ್ಚಿಗೆ ಇಡೀ ಬೀದಿಯೇ ನಗುತ್ತಿತ್ತು.

“ನನ್ನನ್ನೂ ಹಾಗೇ ಗೋಡೆಗೆ ಬಡಿದುಬಿಡು,” ಎಂದು ಅಪ್ಪ ರೇಗಿಸುತ್ತಿದ್ದರು.

“ನಿಮ್ಮನ್ನ ಎತ್ತೋ ಶಕ್ತಿ ಯಾರಿಗಿದೆ ರೀ?”

ಬರಬರುತ್ತಾ ಒಂದು ಬಕೆಟ್ ನೀರು ಎತ್ತಿದರೂ ಅವಳಿಗೆ ಏದುಸಿರು ಬರತೊಡಗಿತು. ನಾನೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇ ನೋಡಿ, “ಮನೆಯವರ ಬಟ್ಟೆ ಯಾರು ಒಗೀತಾರೆ?” ಎಂದು ಕೇಳಿದರು.

“ನಾನೇ. ಚೆನ್ನಾಗಿ ಕೊಡವಿಯೇ ನೆನೆಸೋದು,” ಎಂದಳು ಅಮ್ಮ, ಹೆಮ್ಮೆಯಿಂದ.

ಅಂಗಿಯಿಂದೆದ್ದ ಆ ಕಲ್ನಾರಿನ ಧೂಳೇ ಅವಳ ಶ್ವಾಸಕೋಶದಲ್ಲಿ ಕೂತಿದೆ, ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು. ಇಷ್ಟು ವರ್ಷ ಒಬ್ಬರಾದರೂ ಹೇಳಬಾರದಿತ್ತೇ? ಗಣಿಯವರ ಬಾಯಿಗೇನು ಬೀಗ ಬಿದ್ದಿತ್ತೇ?

ಹೊರಗೆ ಬಂದವಳೇ ಅಮ್ಮ ನನ್ನ ಕೈ ಹಿಡಿದಳು. “ನಿಮ್ಮಪ್ಪನಿಗೆ ಉಬ್ಬಸ ಅಂತ ಹೇಳು. ತನ್ನ ಅಂಗಿಯಿಂದ ಹೀಗಾಯ್ತು ಅಂತ ಗೊತ್ತಾದ್ರೆ ಆ ಮನುಷ್ಯ ಬದುಕಲ್ಲ ಕಣೇ.”

ಹಾಗೇ ಹೇಳಿದೆ. ಅಪ್ಪನಿಗೆ ಅನುಮಾನ ಬರಬಾರದೆಂದು ಅವಳು ಅಂಗಿ ಕೊಡವುವುದನ್ನೂ ಬಿಡಲಿಲ್ಲ. ನಾನು ಕಿತ್ತುಕೊಳ್ಳಲು ಹೋದರೆ ಕಣ್ಣಲ್ಲೇ ಗದರಿದಳು.

ಆ ವಾರವೇ ಅಪ್ಪ ಒಂದು ಸಂಜೆ ಒದ್ದೆ ಅಂಗಿಯಲ್ಲಿ, ಚಳಿಗೆ ಗಡಗಡ ನಡುಗುತ್ತಾ ಬಂದರು. “ಪೈಪು ಒಡೀತು ಕಣೇ, ಮೈಯೆಲ್ಲ ನೀರು,” ಎಂದರು. ಮರುದಿನವೂ ಪೈಪು ಒಡೆಯಿತು. ಅದರ ಮರುದಿನವೂ. ನೆಟ್ಟಗೆ ಒಂದು ಸುಳ್ಳು ಹೇಳಲು ಬಾರದ ಮನುಷ್ಯ. ಗಣಿಯ ನಲ್ಲಿಯಲ್ಲಿ ಅಂಗಿ ಜಾಲಿಸಿ, ಹಿಂಡಿ, ಅದನ್ನೇ ತೊಟ್ಟು ಬರುತ್ತಿದ್ದರು. ನಮಗೆ ಹೇಳದೆ ಆ ಡಾಕ್ಟರನ್ನು ಕಂಡು ಬಂದಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಅಮ್ಮ ಆ ಒದ್ದೆ ಅಂಗಿಯಲ್ಲೇ ಎಲ್ಲ ತಿಳಿದುಕೊಂಡಿದ್ದಳು. ಆದರೂ ದಿನವೂ ಆ ಪೈಪಿಗೇ ಶಾಪ ಹಾಕುತ್ತಿದ್ದಳು.

ಜೀವ ಹೋಗುವ ಮುಂಚಿನ ಸಂಜೆ ಅಮ್ಮ ಮಂಚದಿಂದಲೇ ಕೈ ಚಾಚಿದಳು.

“ಅಂಗಿ ಕೊಡಿ ರೀ.”

ಅಪ್ಪ ಬಿಚ್ಚಿ ಕೊಟ್ಟರು. ಅವಳು ಕೈಲಾದಷ್ಟು ಕೊಡವಿದಳು. ಚಾದರದ ಮೇಲೆ ನಾಲ್ಕು ಹನಿ ನೀರು ಬಿತ್ತು.

“ನೋಡಿ, ಧೂಳೇ ಇಲ್ಲ,” ಎಂದಳು.

ಅಪ್ಪ ಬರಿಮೈಯಲ್ಲಿ ನೆಲದ ಮೇಲೆ ಕುಸಿದು, ಮಂಚದ ಕಾಲು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತರು.