‘ನೆಪ’ ಎಂಬ ಷರಾ

ಒಂಬತ್ತನೇ ತರಗತಿಯ ಸಲ್ಮಾ ಹೊಟ್ಟೆನೋವೆಂದು ಶಾಲೆ ತಪ್ಪಿಸಿದಾಗಲೆಲ್ಲ ಹಾಜರಿ ಪುಸ್ತಕದಲ್ಲಿ ‘ನೆಪ’ ಎಂದು ಷರಾ ಬರೆಯುತ್ತಿದ್ದೆ. ಒಂದು ದಿನ ಅವಳು ತರಗತಿಯಲ್ಲೇ ಕುಸಿದಳು. ಕೈಯಲ್ಲಿದ್ದ ಹಾಜರಿ ಪುಸ್ತಕದ ಸಮೇತ, ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಚನ್ನಗಿರಿಯ ಆಸ್ಪತ್ರೆಗೆ ಓಡಿದೆ.

“ಇನ್ನೂ ದೊಡ್ಡೋಳಾಗಿಲ್ರೀ,” ಎಂದರು ತಾಯಿ.

“ಆಗ್ಯಾಳಮ್ಮ,” ಎಂದರು ಪರೀಕ್ಷಿಸಿದ ಡಾಕ್ಟರಮ್ಮ. “ಹುಟ್ಟಿನಿಂದಲೇ ಯೋನಿಯ ಬಾಯಿಗೆ ಪೊರೆ ಮುಚ್ಚೈತೆ. ಮುಟ್ಟಿನ ರಕ್ತ ಹೊರಗೆ ಬರಾಕೆ ದಾರಿಯಿಲ್ಲದೆ ಒಳಗೇ ನಿಂತೈತೆ. ಸಣ್ಣ ಆಪರೇಷನ್ ಮಾಡಿ ಬಿಡಿಸಿದ್ರೆ ಸರಿಹೋಗ್ತೈತೆ. ನೋವು ಯಾವಾಗೆಲ್ಲ ಬಂದಿತ್ತು?”

ತಾಯಿಗೆ ನೆನಪಿರಲಿಲ್ಲ. ನಾನು ಪುಸ್ತಕ ತೆರೆದೆ. ಏಳು ತಿಂಗಳಿಂದ, ಹೆಚ್ಚುಕಡಿಮೆ ಇಪ್ಪತ್ತೆಂಟು ದಿನಕ್ಕೊಮ್ಮೆ, ‘ನೆಪ’.

“ಇದೇನ್ರೀ ಟೀಚರ್, ನೆಪ?” ಎಂದರು ಡಾಕ್ಟರಮ್ಮ.

“‘ನೆನಪು’ ಅಂತ ಬರೆದದ್ದು. ಒಂದು ಅಕ್ಷರ, ಒಂದು ಕೊಂಬು ಬಿಟ್ಟುಹೋಗಿದೆ.”

“ಏಳು ಸಲಾನೂ ಬಿಟ್ಟುಹೋತಾ ಮಿಸ್?” ಮಂಚದ ಮೇಲಿಂದ ಸಲ್ಮಾ ಕೇಳಿದಳು.

ನಾನು ಕಲಿಸುವುದು ಕನ್ನಡ. ಆ ಕೋಣೆಯಲ್ಲಿ ನೆಪ ಹೇಳಿದವಳು ನಾನೊಬ್ಬಳೇ.