ಇಲ್ಲ್

ಒಂದು ಮಗುವಿಗೆ ಒಂದೇ ಭಾಷೆ, ಅದೂ ಶಾಲೆಯ ಕನ್ನಡ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ನನ್ನ ಕೋಣೆಯ ನಿಯಮ ಅದು. ಬೆಳ್ತಂಗಡಿಗೆ ಹೊಸದಾಗಿ ಬಂದಿದ್ದೆ, ತುಳು ಬರುತ್ತಿರಲಿಲ್ಲ.

ಹಿಯರಿಂಗ್ ಏಡ್ ಹಾಕಿ ತಿಂಗಳುಗಳು ಕಳೆದರೂ ಪುಟ್ಟ ಮಾನ್ವಿಯ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಆ ಮಧ್ಯಾಹ್ನ ಸದ್ದಾಗದಿರಲೆಂದು ಫ್ಯಾನ್ ಆರಿಸಿದ್ದೆ. ಕೋಣೆ ನೀರಿನಡಿ ಇದ್ದಂತೆ ನಿಶ್ಶಬ್ದವಾಗಿತ್ತು. ಮನೆಯ ಚಿತ್ರ ಎತ್ತಿ ಹಿಡಿದೆ. ಅವಳು ಅದನ್ನೇ ನೋಡುತ್ತ, ನಿದ್ದೆಯಲ್ಲಿ ಮಾತಾಡುವವಳಂತೆ ಬಾಯಿ ತೆರೆದಳು.

"ಇಲ್ಲ್..."

"ಇಲ್ಲ ಅಲ್ಲ, ಮನೆ," ಎಂದು ತಿದ್ದಿದೆ.

ಪಕ್ಕದಲ್ಲಿ ಕೂತಿದ್ದ ಅವಳ ತಾಯಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಅವಳು ಹೇಳಿದ್ದು ಸರಿಯೇ ಉಂಟು ಸರ್. ತುಳುವಿನಲ್ಲಿ ಮನೆಗೆ ಇಲ್ಲ್ ಅಂತ ಹೇಳುವುದು. ಇಲ್ಲ ಅನ್ನುವುದಾದ್ರೆ ಇಜ್ಜಿ ಅಂತಿದ್ಲು."

"ಮನೆಯಲ್ಲಿ ಕನ್ನಡವೇ ಮಾತಾಡಬೇಕು ಅಂದಿದ್ದೆನಲ್ಲ?"

"ನಾನು ಕನ್ನಡವೇ ಮಾತಾಡ್ತೇನೆ ಸರ್. ನಮ್ಮ ಅತ್ತೆಗೆ ನೀವೇ ಒಮ್ಮೆ ಹೇಳಿ ನೋಡಿ!"

ಮಾನ್ವಿ ಚಿತ್ರದ ಬಾಗಿಲ ಮೇಲೆ ಬೆರಳಿಟ್ಟು, ಇನ್ನೊಮ್ಮೆ ಮೆಲ್ಲಗೆ "ಇಲ್ಲ್" ಅಂದಳು. ಆ ಸದ್ದು ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿದ್ದಂತೆ ಅನಿಸಿತು. ನಾನು ತಿದ್ದಲಿಲ್ಲ.

ಒಂದೇ ಭಾಷೆ ಎಂಬ ನಿಯಮವನ್ನು ಇಂದಿಗೂ ಸಡಿಲಿಸಿಲ್ಲ. ಯಾವ ಭಾಷೆ ಎಂಬುದನ್ನು ಮಾತ್ರ ಅಜ್ಜಿಯಂದಿರಿಗೆ ಬಿಟ್ಟಿದ್ದೇನೆ.